ಓಝೋನ್ ಮೆಷಿನ್‌ನಲ್ಲಿ ತೊಳೆದರೆ ತರಕಾರಿಯ ಮದ್ದು ಹೋಗುತ್ತದಾ?

ಪ್ರಶ್ನೆ (ಪೆರ್ಲದ ಹತ್ತಿರದಿಂದ): ಸರ್, ನಮಸ್ಕಾರ. ನಮ್ಮ ಮನೆಯವರು ದುಬೈಯಲ್ಲಿದ್ದಾರೆ. ಈ ಸಲ ಬರುವಾಗ ತರಕಾರಿ ತೊಳೆಯುವ ಓಝೋನ್ ಮೆಷಿನ್ ತರುತ್ತೇನೆ ಅಂತಿದ್ದಾರೆ. ಮನೆಯಲ್ಲಿ ಸಣ್ಣ ಮಗು ಇದೆ. ನಾನು ಕಾಸರಗೋಡಿನ ಎಣ್ಮಕಜೆಯಲ್ಲೇ ಹುಟ್ಟಿ ಬೆಳೆದವಳು, ಎಂಡೋಸಲ್ಫಾನ್ ಎಂಬ ಕೀಟನಾಶಕದಿಂದ ಜನ ಪಟ್ಟ ಕಷ್ಟ ಕಣ್ಣಾರೆ ಕಂಡವಳು. ಅಂಗಡಿಗೆ ಬರುವುದೆಲ್ಲ ಘಟ್ಟದ ಮೇಲಿನ ತರಕಾರಿ, ಮದ್ದು ಹೊಡೆಯದೆ ಬರುವುದಿಲ್ಲ. ಮೆಷಿನ್‌ನಲ್ಲಿ ಹತ್ತು ನಿಮಿಷ ಇಟ್ಟರೆ ವಿಷ ಪೂರ್ತಿ ಹೋಗುತ್ತದೆ ಅಂತ ಜಾಹೀರಾತಿನಲ್ಲಿದೆ. ನಿಜವಾ?

ಉತ್ತರ: ತಂಗೀ, ಪೂರ್ತಿ ಹೋಗುತ್ತದೆ ಎನ್ನುವುದು ನಿಜವಲ್ಲ. ಸ್ವಲ್ಪ ಹೋಗುತ್ತದೆ, ಅದೂ ಸಿಪ್ಪೆಯ ಮೇಲೆ ಇರುವುದು.

ನಾವು ಉಸಿರಾಡುವ ಆಮ್ಲಜನಕದಲ್ಲಿ ಎರಡು ಪರಮಾಣು, ಓಝೋನ್‌ನಲ್ಲಿ ಮೂರು. ಆ ಮೂರನೆಯದು ಸುಮ್ನೆ ಕೂರುವುದಿಲ್ಲ. ಹತ್ತಿರ ಸಿಕ್ಕಿದ್ದರ ಜೊತೆ ಸೇರಿ ಅದನ್ನು ಒಡೆಯುತ್ತದೆ. ಕೀಟನಾಶಕ ಸಿಕ್ಕಿದರೆ ಕೀಟನಾಶಕ, ಮಣ್ಣು ಸಿಕ್ಕಿದರೆ ಮಣ್ಣು. ನಮ್ಮ ಮುರಕಲ್ಲಿನ ಊರಲ್ಲಿ ಕೆಲವು ಬಾವಿ ನೀರಿನಲ್ಲಿ ಕಬ್ಬಿಣದ ಅಂಶ ಜಾಸ್ತಿ. ಆಗ ಓಝೋನ್‌ನ ಒಂದಷ್ಟು ಪಾಲು ಆ ಕಬ್ಬಿಣಕ್ಕೇ ಖರ್ಚಾಗುತ್ತದೆ. ಮಳೆಗಾಲದ ತೇವದ ಗಾಳಿಯಲ್ಲಿ ಈ ಮೆಷಿನ್‌ಗಳು ಓಝೋನ್ ಮಾಡುವುದೇ ಕಡಿಮೆ.

ಇದಕ್ಕಿಂತ ಮುಖ್ಯವಾದದ್ದು ಬೇರೆ ಇದೆ. ಇಮಿಡಾಕ್ಲೋಪ್ರಿಡ್, ಅಸಿಫೇಟ್ ತರಹದ ಮದ್ದನ್ನು ಗಿಡ ಒಳಕ್ಕೆ ಹೀರಿಕೊಳ್ಳುತ್ತದೆ. ಅದು ರಸದಲ್ಲಿ ಸೇರಿ ಕಾಯಿಯ ಒಳಗೇ ಇರುತ್ತದೆ. ಅಲ್ಲಿಗೆ ಓಝೋನ್ ತಲುಪುವುದಿಲ್ಲ, ನೀರೂ ತಲುಪುವುದಿಲ್ಲ. ಇನ್ನು ಕ್ಲೋರ್‌ಪೈರಿಫಾಸ್, ಮಲಾಥಿಯಾನ್ ಇಂಥವನ್ನು ಓಝೋನ್ ಒಡೆಯುವಾಗ ನಡುವೆ ಆಕ್ಸಾನ್ ಎಂಬ ವಸ್ತು ಆಗುತ್ತದೆ. ಇದು ಮೂಲ ಮದ್ದಿಗಿಂತ ಜಾಸ್ತಿ ವಿಷ. ಕೆಲಸ ಅರ್ಧಕ್ಕೆ ನಿಂತರೆ ಅದೇ ಉಳಿಯುತ್ತದೆ. ಇದನ್ನು ಯಾವ ಜಾಹೀರಾತೂ ಹೇಳುವುದಿಲ್ಲ, ನನಗೆ ಬೇಸರ ಅದೇ. ಆದರೆ ಆಕ್ಸಾನ್ ನೀರಿನಲ್ಲಿ ಮೂಲ ಮದ್ದಿಗಿಂತ ಚೆನ್ನಾಗಿ ಕರಗುತ್ತದೆ. ಅದಕ್ಕೇ ಮೆಷಿನ್‌ನಿಂದ ತೆಗೆದ ಮೇಲೆ ಮತ್ತೆ ನಲ್ಲಿ ನೀರಲ್ಲಿ ತೊಳೆಯಲೇಬೇಕು.

ಎಂಡೋಸಲ್ಫಾನ್ ವಿಷಯಕ್ಕೆ ಬಂದರೆ, ಇಲ್ಲಿನ ಗೇರು ತೋಟಗಳ ಮೇಲೆ ಹೆಲಿಕಾಪ್ಟರ್‌ನಲ್ಲಿ ಸಿಂಪಡಿಸುವುದು 2000ಕ್ಕೆ ನಿಂತಿತು. 2011ರಲ್ಲಿ ಸುಪ್ರೀಂ ಕೋರ್ಟ್ ದೇಶದಲ್ಲೇ ಎಂಡೋಸಲ್ಫಾನ್ ಅನ್ನೇ ತಡೆಯಿತು. ನಿಮ್ಮ ಹೆದರಿಕೆಗೆ ಕಾರಣ ಇದೆ, ಅದನ್ನು ಯಾರೂ ಹಗುರಾಗಿ ನೋಡಬಾರದು. ಆದರೆ ಈಗ ತರಕಾರಿ ಮೇಲೆ ಬರುವ ಮದ್ದುಗಳು ಬೇರೆ. ಅಂದಹಾಗೆ, ಎಂಡೋಸಲ್ಫಾನ್ ಓಝೋನ್‌ಗೆ ಸುಲಭಕ್ಕೆ ಬಗ್ಗುವ ಮದ್ದೂ ಅಲ್ಲ.

ನನ್ನನ್ನು ಕೇಳಿದರೆ ಮೆಷಿನ್ ಬೇಡ. ಹರಿಯುವ ನೀರಲ್ಲಿ ಅರ್ಧ ನಿಮಿಷ ಕೈಯಿಂದ ಉಜ್ಜಿ ತೊಳೆಯಿರಿ. ಆಮೇಲೆ ಒಂದು ಲೀಟರ್ ನೀರಿಗೆ 10 ಗ್ರಾಂ ಅಡುಗೆ ಸೋಡಾ, ಅಂದರೆ ಎರಡು ಟೀ ಚಮಚ, ಹಾಕಿ ಕಾಲು ಗಂಟೆ ನೆನೆಸಿ, ಮತ್ತೆ ತೊಳೆಯಿರಿ. 2017ರಲ್ಲಿ ಅಮೆರಿಕದ ಮ್ಯಾಸಚೂಸೆಟ್ಸ್ ವಿಶ್ವವಿದ್ಯಾಲಯದವರು ಸೇಬಿನ ಮೇಲೆ ಇದೇ ಪ್ರಮಾಣ ಪರೀಕ್ಷಿಸಿದ್ದರು. ಎರಡು ಮದ್ದುಗಳು ಮೇಲ್ಮೈಯಿಂದ 12ರಿಂದ 15 ನಿಮಿಷದಲ್ಲಿ ಹೋದವು. ಸಿಪ್ಪೆಯೊಳಗೆ ಇಳಿದದ್ದು ಅಲ್ಲೂ ಉಳಿಯಿತು. ಮಗುವಿಗೆ ಕೊಡುವ ಸೌತೆ, ಸೇಬಿನ ಸಿಪ್ಪೆ ತೆಗೆದೇ ಕೊಡಿ. ಬಸಳೆ, ಅಲಸಂಡೆ, ತೊಂಡೆಕಾಯಿ ಆದಷ್ಟು ಹಿತ್ತಿಲಲ್ಲೇ ಬೆಳೆಸಿ.

ಪ್ರಶ್ನೆ (ಕುಂಬಳೆಯಿಂದ): ಸರ್, ನಾನು ಆಗಲೇ ತಗೊಂಡು ಆಯ್ತು. ಹಾಕಿದ ಕೂಡಲೇ ಅಡುಗೆಕೋಣೆಯಲ್ಲಿ ಒಂದು ಥರ ಖಾರ ವಾಸನೆ. ಅಮ್ಮನಿಗೆ ದಮ್ಮು ಇದೆ, ಕೆಮ್ಮು ಬರ್ತದೆ.

ಉತ್ತರ: ಅಣ್ಣಾ, ಇವತ್ತೇ ಅದನ್ನು ಒಳಗಿಂದ ತೆಗೆಯಿರಿ. ಆ ವಾಸನೆಯೇ ಓಝೋನ್. ನೀರಲ್ಲಿ ಕರಗದೆ ಉಳಿದದ್ದು ಗಾಳಿಗೆ ಬರುತ್ತಿದೆ. ಕೆಲಸದ ಜಾಗದಲ್ಲಿ ಎಂಟು ಗಂಟೆಗೆ ಗಾಳಿಯ ಹತ್ತು ಲಕ್ಷ ಪಾಲಿನಲ್ಲಿ 0.1 ಪಾಲಿಗಿಂತ ಜಾಸ್ತಿ ಇರಬಾರದು ಅಂತ ಅಮೆರಿಕದಲ್ಲಿ ನಿಯಮ ಇದೆ. ಅಷ್ಟು ಸಣ್ಣ ಪ್ರಮಾಣಕ್ಕೇ ಎಚ್ಚರ ಬೇಕು. ಸ್ವಲ್ಪ ಹೊತ್ತಲ್ಲಿ ಮೂಗಿಗೆ ಅಭ್ಯಾಸವಾಗಿ ವಾಸನೆ ಗೊತ್ತೇ ಆಗುವುದಿಲ್ಲ, ಗಾಳಿಯಲ್ಲಿ ಮಾತ್ರ ಇರುತ್ತದೆ. ಬಳಸಲೇಬೇಕಿದ್ದರೆ ಹೊರಗೆ ಜಗಲಿಯಲ್ಲಿಟ್ಟು ಬಳಸಿ. ಮೊದಲು ಮಣ್ಣು ತೊಳೆದು, ತಣ್ಣೀರಲ್ಲೇ ಹಾಕಿ. ಬಿಸಿ ನೀರಲ್ಲಿ ಓಝೋನ್ ನಿಲ್ಲುವುದಿಲ್ಲ. ಮೆಷಿನ್ ಓಡುವಾಗ ಅಮ್ಮ ಹತ್ತಿರ ಬರುವುದು ಬೇಡ. ಕೆಮ್ಮು ಹಾಗೇ ಇದ್ದರೆ ಡಾಕ್ಟರಿಗೆ ತೋರಿಸಿ.

ಪ್ರಶ್ನೆ (ಬದಿಯಡ್ಕದಿಂದ): ಅಡಿಕೆಗೆ ಮದ್ದು ಬಿಡುವಾಗ ಪಕ್ಕದ ಬಸಳೆ ಚಪ್ಪರಕ್ಕೂ ಬೋರ್ಡೋ ಬಿದ್ದಿದೆ, ಎಲೆಯೆಲ್ಲ ನೀಲಿ. ಓಝೋನ್‌ನಲ್ಲಿ ಹೋಗಬಹುದಾ?

ಉತ್ತರ: ಇಲ್ಲ. ಬೋರ್ಡೋ ಅಂದರೆ ಮೈಲುತುತ್ತು ಮತ್ತು ಸುಣ್ಣ ಅಲ್ವಾ. ಅದರಲ್ಲಿರುವುದು ತಾಮ್ರ, ತಾಮ್ರವನ್ನು ಒಡೆದು ಇನ್ನೊಂದು ಮಾಡಲು ಓಝೋನ್‌ಗೆ ಆಗುವುದಿಲ್ಲ. ಅದನ್ನು ಎಲೆಯಿಂದ ಬಿಡಿಸಿ ತೊಳೆಯುವುದೊಂದೇ ದಾರಿ. ತಾಮ್ರದ ಹಂಡೆಯ ಕಲೆಯನ್ನು ಹುಳಿ ಹಾಕಿ ಉಜ್ಜಿ ತೆಗೆಯುತ್ತೇವಲ್ಲ, ಇಲ್ಲೂ ಹಾಗೇ. ಹುಣಸೆ ನೀರಲ್ಲಿ ಸ್ವಲ್ಪ ಹೊತ್ತು ನೆನೆಸಿ, ಒಂದೊಂದೇ ಎಲೆ ಉಜ್ಜಿ, ಎರಡು ಸಲ ಒಳ್ಳೆಯ ನೀರಲ್ಲಿ ತೊಳೆಯಿರಿ. ತುಂಬಾ ನೀಲಿ ಇರುವ ಎಲೆಯನ್ನು ಬಿಸಾಡಿ. ಹೊಸ ಚಿಗುರು ಬೇಗ ಬರುತ್ತದೆ, ಅದನ್ನು ಕೊಯ್ಯಿರಿ. ಮುಂದಿನ ಸಲ ಮದ್ದು ಬಿಡುವವರು ಬರುವ ಮೊದಲೇ ಬಸಳೆ ಕೊಯ್ದು, ಚಪ್ಪರಕ್ಕೆ ಟರ್ಪಾಲು ಮುಚ್ಚಿ.