ಕಬಡ್ಡಿ ಅಂಕಣದ ಆಚೆ ಕೂತ ಮಕ್ಕಳ ಫೋಟೋ ಹೇಗೆ ತೆಗೆಯೋದು?

ಪ್ರಶ್ನೆ (ಮಂಡ್ಯ): ಮಗಳು ಹೈಸ್ಕೂಲ್ ಕಬಡ್ಡಿ ತಂಡದಲ್ಲಿದ್ದಾಳೆ. ಸರ್ ಎಂ. ವಿಶ್ವೇಶ್ವರಯ್ಯ ಕ್ರೀಡಾಂಗಣದಲ್ಲಿ ಪಂದ್ಯ ಇದೆ. ರೈಡು, ಕ್ಯಾಚು ಎಲ್ಲರೂ ತೆಗೀತಾರೆ. ನನಗೆ ಬೇಕಿರೋದು ಸರದಿ ಕಾಯುವಾಗಿನ, ಔಟಾಗಿ ಕೂತಾಗಿನ ಮುಖಗಳು. ಕ್ಯಾನನ್ ಕ್ರಾಪ್ ಸೆನ್ಸರ್ (ಚಿಕ್ಕ ಸೆನ್ಸರ್) ಕ್ಯಾಮೆರಾ, 55-250 ಎಂಎಂ ಜೂಮ್ ಮತ್ತು 50 ಎಂಎಂ ಎಫ್ 1.8 ಲೆನ್ಸ್ ಇವೆ. ತಿಳಿದವರು ಹೇಳಿ.

ಉತ್ತರ 1: ಕಬಡ್ಡಿ ಅಂದ್ಮೇಲೆ ನಿಮ್ಮ ಜಾಗ ಸಿಟಿಂಗ್ ಬ್ಲಾಕ್ ಪಕ್ಕ. ಔಟಾದವರು ಅಂಕಣದ ಹಿಂದೆ ಔಟಾದ ಕ್ರಮದಲ್ಲೇ ಕೂರಬೇಕು, ಮತ್ತೆ ಒಳಗೆ ಹೋಗೋದೂ ಅದೇ ಕ್ರಮದಲ್ಲಿ. ಹಾಗಾಗಿ ಮೊದಲು ಕೂತವಳು ಮೈಯೆಲ್ಲ ಮುಂದಕ್ಕೆ ಬಾಗಿಸಿ, ಬೆರಳ ತುದಿ ನೆಲಕ್ಕೂರಿ, ಈಗಲೋ ಆಗಲೋ ಏಳೋ ಹಾಗಿರ್ತಾಳೆ. ಈಗಷ್ಟೇ ಬಂದವಳು ಏದುಸಿರು ಬಿಡ್ತಾ ಮೊಣಕೈಗೆ ಮೆತ್ತಿದ ಮಣ್ಣು ಕೊಡವ್ತಿರ್ತಾಳೆ. ಒಂದೇ ಸಾಲಲ್ಲಿ ಎಷ್ಟು ಭಾವ ನೋಡಿ! ಎದುರಿಂದ ತೆಗೆದರೆ ಗ್ರೂಪ್ ಫೋಟೋ ಆಗಿಬಿಡುತ್ತೆ, ಓರೆಯಾಗಿ ಪಕ್ಕದಿಂದ ನೋಡಿ. ಆರೇಳು ಮೀಟರ್ ದೂರ, ಜೂಮ್ ಲೆನ್ಸ್ 135 ಎಂಎಂ ಆಸುಪಾಸು ಇದ್ದರೆ ಒಬ್ಬಿಬ್ಬರು ಸೊಂಟದಿಂದ ಮೇಲೆ ಚೆನ್ನಾಗಿ ಕೂರ್ತಾರೆ. ನೀವೂ ನೆಲದ ಮೇಲೇ ಕೂತುಬಿಡಿ. ನಿಂತು ತೆಗೆದರೆ ಸಿಗೋದು ನೆತ್ತಿ ಮತ್ತು ನೆಲ.

ಒಂದು ರೈಡ್‌ಗೆ 30 ಸೆಕೆಂಡ್. ಆ ಹೊತ್ತಲ್ಲಿ ಎಲ್ಲರ ಕಣ್ಣೂ ಅಂಕಣದ ಮೇಲಿರುತ್ತೆ, ನಿಮ್ಮ ಕಡೆ ಯಾರೂ ನೋಡಲ್ಲ. ವಿಸಿಲ್ ಆದ ತಕ್ಷಣ ಕ್ಯಾಮೆರಾ ಇಳಿಸಬೇಡಿ, ಭಾವ ಮುಖಕ್ಕೆ ಬರೋದು ಆಮೇಲೆಯೇ.

ಉತ್ತರ 2: ಸೆಟ್ಟಿಂಗ್ ಹೇಳ್ತೀನಿ. ಕೂತವರಿಗೆ ಶಟರ್ ವೇಗ 1/1000 ಸೆಕೆಂಡ್ ಬೇಡ, 1/250 ಸಾಕು. ಆಟೋ ಐಎಸ್‌ಒ (ಬೆಳಕಿಗೆ ಸೆನ್ಸರ್ ಸೂಕ್ಷ್ಮತೆ) ಹಾಕಿ 3200ಕ್ಕೆ ಮಿತಿ ಕೊಡಿ. ಫೋಕಸ್‌ಗೆ ಒಂದೇ ಪಾಯಿಂಟ್ ಇಟ್ಟು ಹತ್ತಿರದ ಕಣ್ಣಿಗೆ ಹಿಡೀರಿ. ಎಲ್ಲ ಪಾಯಿಂಟ್ ಆನ್ ಇದ್ದರೆ ಮುಂದೆ ಮಡಚಿದ ಮೊಣಕಾಲು ಶಾರ್ಪ್ ಆಗುತ್ತೆ, ಮುಖ ಮಸುಕು. 50 ಎಂಎಂ ಲೆನ್ಸನ್ನ ಎಫ್ 1.8ರಲ್ಲೇ, ಅಂದ್ರೆ ಪೂರ್ತಿ ತೆರೆದು, ಬಿಡಬೇಡಿ. 2 ಮೀಟರ್ ದೂರದಲ್ಲಿ ಶಾರ್ಪ್ ಇರೋ ಆಳ ಸುಮಾರು 10 ಸೆಂ.ಮೀ. ಅಷ್ಟೇ, ಮಗು ಸ್ವಲ್ಪ ವಾಲಿದರೂ ಹೋಯ್ತು. ಎಫ್ 2.8 ಇಡಿ.

ಹಿಂದೆ ಬಿಸಿಲಿನ ಮೈದಾನ, ಮುಂದೆ ನೆರಳಲ್ಲಿ ಮುಖ ಇದ್ದಾಗ ಎಕ್ಸ್‌ಪೋಶರ್ (ಫೋಟೋದ ಬೆಳಕು) +1 ಕೊಡಿ. ಇಲ್ಲದಿದ್ದರೆ ಕ್ಯಾಮೆರಾ ಮೈದಾನ ನೋಡಿ ಅಳೆದು ಮುಖ ಕಪ್ಪು ಮಾಡುತ್ತೆ.

ಉತ್ತರ 3: ಶಾಮಿಯಾನದ ವಿಷಯ ಯಾರೂ ಹೇಳಲಿಲ್ಲ. ಕೆಂಪು-ಹಳದಿ ಬಟ್ಟೆಯಡಿ ಮುಖದ ಒಂದು ಬದಿಗೆ ಬಟ್ಟೆಯ ಕೆಂಪು, ಇನ್ನೊಂದು ಬದಿಗೆ ಬಯಲಿನ ಬೆಳಕು ಬೀಳುತ್ತೆ. ವೈಟ್ ಬ್ಯಾಲೆನ್ಸಲ್ಲಿ (ಬಣ್ಣ ಹೊಂದಿಸೋ ಸೆಟ್ಟಿಂಗ್) ಒಂದು ಬದಿ ಸರಿ ಮಾಡಿದರೆ ಇನ್ನೊಂದು ಕೆಡುತ್ತೆ, ಕ್ಯಾಮೆರಾದ ಕಚ್ಚಾ (ರಾ) ಫೈಲಲ್ಲೂ ಕಷ್ಟ. ಅಂಚಿನಲ್ಲಿ ಕೂತವರನ್ನ ಆರಿಸಿಕೊಳ್ಳಿ, ಇಲ್ಲವೇ ಕಪ್ಪು-ಬಿಳುಪು ಮಾಡಿ. ಗೆರೆಗೆ ಹಾಕಿದ ಸುಣ್ಣದ ಪುಡಿ ಗಾಳಿಗೆ ಏಳುತ್ತೆ, ಅಲ್ಲಿ ಲೆನ್ಸ್ ಬದಲಿಸಬೇಡಿ. ಗಾಜಿನ ಮೇಲೆ ಕೂತ ಪುಡಿನ ಮೊದಲು ಬ್ಲೋವರಲ್ಲಿ ಊದಿ, ಆಮೇಲೆ ಬಟ್ಟೆ. ನೇರ ಒರೆಸಿದರೆ ಗೀರು ಬೀಳುತ್ತೆ.

ಉತ್ತರ 4 (ಮೈಸೂರು): ಇಲ್ಲಿ ಚಾಮುಂಡಿ ವಿಹಾರ ಕ್ರೀಡಾಂಗಣದಲ್ಲಿ ಅಥ್ಲೆಟಿಕ್ಸ್ ಇದ್ದಾಗ ಲಾಂಗ್ ಜಂಪ್ ರನ್‌ವೇ ಶುರುವಾಗೋ ಕಡೆ ಹೋಗಿ. ಮಕ್ಕಳು ಹೆಜ್ಜೆ ಅಳೆದು ಗುರುತಿಟ್ಟು, ತಮ್ಮ ಹೆಸರು ಕರೆಯೋವರೆಗೂ ತುಟಿ ಅಲ್ಲಾಡಿಸ್ತಾ ನಿಂತಿರ್ತಾರೆ. ಹಾರಿ ಬೀಳೋ ಮರಳಿನ ಪಿಟ್ ಹತ್ತಿರ ಜನ ಮುತ್ತಿರ್ತಾರೆ, ಈ ತುದಿಯಲ್ಲಿ ಯಾರೂ ಇರಲ್ಲ. ಖೋ-ಖೋದಲ್ಲಿ ಡಿಫೆನ್ಸ್‌ಗೆ ಮೂವರು ಮೂವರಾಗಿ ಇಳೀತಾರೆ. ಹೊರಗೆ ಕಾಯೋ ಮುಂದಿನ ಮೂವರನ್ನ ನೋಡ್ತಿರಿ.

ಒಳಾಂಗಣದಲ್ಲಿ ಸೈಲೆಂಟ್ ಎಲೆಕ್ಟ್ರಾನಿಕ್ ಶಟರ್ ಬಳಸೋರು ಎಲ್‌ಇಡಿ ದೀಪಕ್ಕೆ ಎಚ್ಚರ, ಫೋಟೋ ತುಂಬ ಅಡ್ಡಪಟ್ಟೆ ಬೀಳಬಹುದು. ನಮ್ಮ ಕರೆಂಟು 50 ಹರ್ಟ್ಸ್, 1/100 ಶಟರ್ ಇಟ್ಟರೆ ಸಾಮಾನ್ಯವಾಗಿ ಸರಿಹೋಗುತ್ತೆ.

ಉತ್ತರ 5 (ದೈಹಿಕ ಶಿಕ್ಷಕ): ಸೆಟ್ಟಿಂಗ್‌ಗಿಂತ ಮೊದಲು ಎರಡೂ ತಂಡದ ಮೇಷ್ಟ್ರನ್ನ ಕೇಳಿ. ನಿಮ್ಮ ಮಗಳ ಪಕ್ಕ ಕೂತವಳು ಬೇರೆಯವರ ಮಗಳು. ಅಳ್ತಿರೋ ಮಗು, ಪೆಟ್ಟಾಗಿ ಮಲಗಿರೋ ಮಗು, ಜೆರ್ಸಿ ಬದಲಿಸೋ ಜಾಗ, ಇವುಗಳ ಕಡೆ ಕ್ಯಾಮೆರಾ ತಿರುಗಿಸಲೇಬೇಡಿ. ಸೋತ ಬೇಸರ ತೋರಿಸೋಕೆ ಮುಖವೇ ಬೇಕಂತಿಲ್ಲ: ಬಿಚ್ಚಿಟ್ಟ ಮೊಣಕಾಲಿನ ನೀ-ಕ್ಯಾಪು, ಕ್ರೇಪ್ ಬ್ಯಾಂಡೇಜ್ ಸುತ್ತೋ ಕೈ, ಗ್ಲೂಕೋಸ್ ನೀರಿನ ಬಾಟಲಿ ಸಾಕು. ಮಗುವಿನ ಹೆಸರು, ಶಾಲೆ, ಜೆರ್ಸಿ ನಂಬರ್ ಮೂರನ್ನೂ ಒಟ್ಟಿಗೆ ಎಲ್ಲೂ ಹಾಕಬೇಡಿ. ಫೋಟೋವನ್ನ ಮೊದಲು ಆ ಮಗುವಿನ ಮನೆಯವರಿಗೆ ಕಳಿಸಿ, ಅವರು ಬೇಡ ಅಂದರೆ ಅಳಿಸಿಬಿಡಿ.

ಪ್ರಶ್ನೆ ಕೇಳಿದವರು: ಎಲ್ಲರಿಗೂ ಧನ್ಯವಾದ. ಮೊಬೈಲಲ್ಲಿ ಆಗುತ್ತಾ?

ಉತ್ತರ 2: ಆಗುತ್ತೆ. ಬೆರಳಲ್ಲಿ ಎಳೆದು ಜೂಮ್ ಮಾಡಬೇಡಿ, 2 ಅಥವಾ 3 ಎಕ್ಸ್ ಲೆನ್ಸ್ ಇದ್ದರೆ ಅದನ್ನೇ ಒತ್ತಿ. ಮುಖದ ಮೇಲೆ ಬೆರಳು ಒತ್ತಿಹಿಡಿದು ಫೋಕಸ್ ಲಾಕ್ ಮಾಡಿ, ಆಮೇಲೆ ಬೆಳಕು ಹೊಂದಿಸಿ. ಪೋರ್ಟ್ರೇಟ್ ಮೋಡ್ ಬೇಡ, ಜಡೆಯಿಂದ ಬಿಟ್ಟುಕೊಂಡ ಕೂದಲನ್ನ ಅದು ಹಿನ್ನೆಲೆ ಜೊತೆ ಸೇರಿಸಿ ಅಳಿಸಿಬಿಡುತ್ತೆ.