ವಾರ್ಸಾದ ಲಾಂಛನ ನೋಡಿ ಸಳ ನೆನಪಾದ, ತಿಳಿದವರು ಹೇಳಿ

ತೋಟದಮನೆ, ಮೂಡಿಗೆರೆ:
ಮಗಳು ಓದೋಕೆ ಪೋಲೆಂಡಿನ ವಾರ್ಸಾಗೆ ಹೋಗಿದಾಳೆ. ಟ್ರಾಮಿನ ಮೇಲಿದ್ದ ಚಿತ್ರದ ಫೋಟೊ ಕಳಿಸಿದ್ಲು. ಕೆಂಪು ನೆಲದ ಮೇಲೆ ಮತ್ಸ್ಯಕನ್ಯೆ, ಬಲಗೈಲಿ ಎತ್ತಿದ ಕತ್ತಿ, ಎಡಗೈಲಿ ಗುರಾಣಿ. ನಗರದ ಲಾಂಛನವಂತೆ. ವ್ಯಾಪಾರಿಯೊಬ್ಬ ಅವಳನ್ನ ಕೂಡಿಹಾಕಿದ್ದ, ಬೆಸ್ತರು ಬಿಡಿಸಿದ್ರು, ಆ ಋಣಕ್ಕೆ ಊರು ಕಾಯ್ತೀನಿ ಅಂತ ಮಾತು ಕೊಟ್ಲು ಅನ್ನೋದು ಕತೆ. ಸಳ ಹುಲಿ ಹೊಡೆದ ಅನ್ನೋ ನಮ್ಮ ಅಂಗಡಿ ಊರು ಇಲ್ಲೇ ಪಕ್ಕದಲ್ಲಿದೆ, ವಾಸಂತಿಕಾ ದೇವಿ ಗುಡಿಗೆ ಚಿಕ್ಕಂದಿನಿಂದ ಹೋಗಿಬರ್ತೀನಿ. ಹಾಗಾಗಿ ಕೇಳಬೇಕನ್ನಿಸ್ತು: ಕತೆ ಮೊದಲೋ, ಲಾಂಛನ ಮೊದಲೋ?

ಬೇಲೂರು ಮೇಷ್ಟ್ರು:
ತೋಟದಮನೆಯವರೇ, ವಾರ್ಸಾದಲ್ಲಂತೂ ಚಿತ್ರವೇ ಮೊದಲು. 14ನೇ ಶತಮಾನದ ಕೊನೆಯ ಮುದ್ರೆಯಲ್ಲಿ ಮೀನಿನ ಸುಳಿವೇ ಇಲ್ಲ. ಹಕ್ಕಿ ಕಾಲು, ಮೈತುಂಬ ಡ್ರ್ಯಾಗನ್ನಿನ ಚಿಪ್ಪು, ಕೈಲಿ ಮಾತ್ರ ಆಗಲೂ ಕತ್ತಿ ಗುರಾಣಿ. ಮೀನಿನ ಬಾಲ ಬಂದಿದ್ದು ಎಷ್ಟೋ ತಲೆಮಾರು ಕಳೆದ ಮೇಲೆ. ಬೆಸ್ತರ ಕತೆ ಆ ಬಾಲಕ್ಕೆ ಹೊಂದುತ್ತೆ, ಹಕ್ಕಿ ಕಾಲಿಗೆ ಹೊಂದಲ್ಲ.

ನಮ್ಮಲ್ಲೂ ನೋಡಿ. ಸಳನ ಕತೆ ಮೊದಲು ಸಿಗೋದು ವಿಷ್ಣುವರ್ಧನನ ಬೇಲೂರು ಶಾಸನದಲ್ಲಿ, 1117ರಲ್ಲಿ. ಅದಕ್ಕೆ ಒಂದು ವರ್ಷ ಹಿಂದೆ, 1116ರಲ್ಲಿ, ಅವನು ತಲಕಾಡಲ್ಲಿ ಚೋಳರನ್ನ ಸೋಲಿಸಿದ್ದ. ಚೋಳರ ಲಾಂಛನ ಹುಲಿ. ಸಳ ಹೊಡೀತಿರೋದು ಆ ಹುಲಿಯನ್ನೇ ಅಂತ ಹಲವು ಇತಿಹಾಸಕಾರರು ಹೇಳ್ತಾರೆ, ನಾನೂ ಅದನ್ನ ಒಪ್ತೀನಿ. ಚೆನ್ನಕೇಶವನ ಗುಡಿಗೆ ಬಂದಾಗ ಬಾಗಿಲ ಪಕ್ಕದ ಸಳನ ಎದುರು ಸ್ವಲ್ಪ ಹೊತ್ತು ನಿಲ್ಲಿ. ಕತೆಯಲ್ಲಿ ಹುಲಿ ಅಂತೀವಿ, ಕಲ್ಲಲ್ಲಿ ಕಾಣೋದು ಸುರುಳಿ ಕೇಸರದ ಸಿಂಹ.

ಹಾಸನದ ಓದುಗಿ:
ಪೋಲೆಂಡಲ್ಲೇ ವುಚ್ ಅಂತ ಇನ್ನೊಂದು ಊರಿದೆ. ಆ ಹೆಸರಿನ ಅರ್ಥವೇ ದೋಣಿ. ಲಾಂಛನವೂ ಅದೇ, ಕೆಂಪು ನೆಲದಲ್ಲಿ ಚಿನ್ನದ ದೋಣಿ, ಒಂದು ಹುಟ್ಟು. ಅಲ್ಲಿ ಹೆಸರಿಂದ ಚಿತ್ರ ಹುಟ್ಟಿತು. ನಮ್ಮಲ್ಲಿ 'ಹೊಯ್ ಸಳ' ಅಂತ ಹೆಸರನ್ನ ಬಿಡಿಸಿದ್ದರಿಂದ ಕತೆ ಹುಟ್ಟಿತು ಅನ್ಸುತ್ತೆ.

ಸರ್, ವಿಸ್ಟುಲಾ ನದಿ ದಡದಲ್ಲಿ 1939ರಲ್ಲಿ ನಿಲ್ಲಿಸಿದ ಮತ್ಸ್ಯಕನ್ಯೆ ಇದಾಳೆ, ಶಿಲ್ಪಿ ಲುಡ್ವಿಕಾ ನಿಚೋವಾ. ಅದಕ್ಕೆ ರೂಪದರ್ಶಿಯಾಗಿ ನಿಂತವಳು ಕ್ರಿಸ್ಟೀನಾ ಕ್ರಾಹೆಲ್ಸ್ಕಾ ಅನ್ನೋ ಕವಯಿತ್ರಿ. 1944ರಲ್ಲಿ ನಾಜಿಗಳ ವಿರುದ್ಧ ವಾರ್ಸಾ ದಂಗೆ ಎದ್ದಾಗ ಗಾಯಾಳುಗಳ ಶುಶ್ರೂಷೆಗೆ ಹೋಗಿ, ಗುಂಡೇಟು ತಿಂದು ತೀರಿಕೊಂಡಳು.

ತೋಟದಮನೆ, ಮೂಡಿಗೆರೆ:
ಇದನ್ನ ಓದಿ ಮಗಳಿಗೆ ಫೋನ್ ಮಾಡ್ದೆ. ಭಾನುವಾರ ನದಿ ದಡಕ್ಕೆ ಹೋಗಿ ಆ ಮುಖದ ಫೋಟೊ ಹತ್ತಿರದಿಂದ ತೆಗೆದು ಕಳಿಸ್ತಾಳಂತೆ. ಬಂದ ಕೂಡಲೇ ಇಲ್ಲಿ ಹಾಕ್ತೀನಿ.