‘ಫ್ರೇಸ್’ ಎಂಬುದಕ್ಕೆ ಕನ್ನಡದಲ್ಲಿ ಏನನ್ನೋಣ? ಗೋದಾಮಿನ ಚೀಲಗಳ ಒಂದು ತಕರಾರು

ಬಲ್ಲವರಿಗೆ ನಮಸ್ಕಾರ.

ಸೋಮವಾರಪೇಟೆಯ ಹತ್ತಿರ ಸಂಜೆ ಹೊತ್ತು ಹತ್ತನೇ ತರಗತಿಯ ಮಕ್ಕಳಿಗೆ ಇಂಗ್ಲಿಷ್ ವ್ಯಾಕರಣ ಹೇಳಿಕೊಡುತ್ತೇನೆ. ಹಗಲಿನಲ್ಲಿ ಒಂದೆರಡು ಕಾಫಿ ತೋಟಗಳ ಇಂಗ್ಲಿಷ್ ಪತ್ರಗಳನ್ನು ಕನ್ನಡಕ್ಕೆ ಮಾಡಿಕೊಡುವುದೂ ಉಂಟು. ಎರಡೂ ಕಡೆ ಒಂದೇ ಪದ ಕಾಲಿಗೆ ತೊಡರುತ್ತಿದೆ: ಫ್ರೇಸ್, ಎಂದರೆ ವಾಕ್ಯದೊಳಗೆ ಒಂದಾಗಿ ನಿಲ್ಲುವ ಪದಗಳ ಕಟ್ಟು. ಇದಕ್ಕೆ ನೀವು ಏನನ್ನುತ್ತೀರಿ?

ಪದಗುಚ್ಛ, ಪದಪುಂಜ, ನುಡಿಗಟ್ಟು, ಈ ಮೂರೂ ಬಳಕೆಯಲ್ಲಿವೆ. ನುಡಿಗಟ್ಟನ್ನು ಮೊದಲೇ ಬದಿಗಿಡಬೇಕೆಂದು ನನ್ನ ಮತ. ಆ ಪದ ಹೇಳಿದೊಡನೆ ಮಕ್ಕಳು ‘ಕಣ್ಣಿಗೆ ಮಣ್ಣೆರಚು’, ‘ಕೈಕೊಡು’ ಎಂದು ಪಟ್ಟಿ ಒಪ್ಪಿಸಲು ಶುರು ಮಾಡುತ್ತಾರೆ. ಅವರ ತಪ್ಪೇನಿಲ್ಲ. ಬಿಡಿ ಪದಗಳ ಅರ್ಥ ಕೂಡಿಸಿದರೂ ಸಿಗದ ಅರ್ಥವೊಂದು ಹೊರಟರೆ ಅದು ನುಡಿಗಟ್ಟು. ‘ದ ಓಲ್ಡ್ ಗೋಡೌನ್’ ಕೂಡ ಫ್ರೇಸೇ, ಆದರೆ ಅದರಲ್ಲಿ ಅಂಥ ಗುಟ್ಟೇನೂ ಇಲ್ಲ, ಹಳೆಯ ಗೋದಾಮು ಅಷ್ಟೇ. ಪದಪುಂಜ ಎಂದರೆ ಪುಸ್ತಕದ ಧೂಳು ಮೂಗಿಗೆ ಬರುತ್ತದೆ. ಉಳಿದದ್ದು ಪದಗುಚ್ಛ, ಅದರ ಮೇಲೂ ನನಗೊಂದು ದೂರಿದೆ.

ದೂರು ಹುಟ್ಟಿದ್ದು ಹೀಗೆ. ಕೊಯ್ಲು ಮುಗಿಯುವ ಹೊತ್ತಿಗೆ ಒಂದು ತೋಟದಿಂದ ಪತ್ರ ಬಂತು. ಅದರಲ್ಲಿ ಈ ವಾಕ್ಯ: ‘ದ ರೈಟರ್ ಕೌಂಟೆಡ್ ದ ಬ್ಯಾಗ್ಸ್ ಇನ್ ದ ಗೋಡೌನ್.’ (ಹೊರಗಿನವರಿಗೆ ಒಂದು ಮಾತು: ಕೊಡಗಿನ ತೋಟದಲ್ಲಿ ರೈಟರ್ ಎಂದರೆ ಲೇಖಕರಲ್ಲ, ಆಳುಗಳ ಹಾಜರಿ, ಚೀಲಗಳ ಲೆಕ್ಕ ಬರೆಯುವವರು.) ನಾನು ಯೋಚಿಸದೆ ‘ರೈಟರು ಗೋದಾಮಿನಲ್ಲಿ ಚೀಲಗಳನ್ನು ಎಣಿಸಿದರು’ ಎಂದು ಬರೆದುಕೊಟ್ಟೆ. ಮರುದಿನ ರೈಟರೇ ಫೋನ್ ಮಾಡಿದರು. “ಮೇಷ್ಟ್ರೇ, ನೀವು ಬರೆದದ್ದನ್ನು ಓದಿದರೆ ಇಡೀ ಫಸಲನ್ನು ಗೋದಾಮಿಗೆ ತಂದು ಎಣಿಸಿದ ಹಾಗಿದೆ. ನಾನು ಎಣಿಸಿದ್ದು ಗೋದಾಮಿನಲ್ಲಿದ್ದ ಚೀಲಗಳನ್ನು. ಕಣದಲ್ಲಿದ್ದವನ್ನು ಮುಟ್ಟಿಯೇ ಇಲ್ಲ.” ಒಂದೊಂದೂ 50 ಕೆ.ಜಿ.ಯ ಚೀಲ. ಲೆಕ್ಕ ಹೆಚ್ಚುಕಡಿಮೆಯಾದರೆ ಮಾತು ಕೇಳಬೇಕಾದವರು ಅವರು, ನಾನಲ್ಲ.

ಇಂಗ್ಲಿಷ್ ವಾಕ್ಯದಲ್ಲಿ ಎರಡು ಅರ್ಥಕ್ಕೂ ಒಂದಕ್ಷರ ಬದಲಾಗುವುದಿಲ್ಲ. ‘ಇನ್ ದ ಗೋಡೌನ್’ ಎಂಬ ಮೂರು ಪದಗಳ ಕಟ್ಟು ‘ಕೌಂಟೆಡ್’ ಕಡೆಗೆ ಹೋದರೆ ಎಲ್ಲಿ ಎಣಿಸಿದರು ಎಂದು ಹೇಳುವ ಕ್ರಿಯಾವಿಶೇಷಣದ ಕೆಲಸ ಮಾಡುತ್ತದೆ. ‘ಬ್ಯಾಗ್ಸ್’ ಕಡೆಗೆ ಹೋದರೆ ಯಾವ ಚೀಲಗಳು ಎಂದು ಹೇಳುವ ವಿಶೇಷಣದ ಕೆಲಸ. ಎಲ್ಲಿಗೆ ಸೇರಿತು ಎಂದು ತಿಳಿಯಲು ಸುಲಭದ ಉಪಾಯವೊಂದಿದೆ: ಏನನ್ನು ಎಣಿಸಿದರು ಎಂದು ಹೇಳುವ ಪದಗಳನ್ನು ಎತ್ತಿ, ಆ ಜಾಗದಲ್ಲಿ ‘ದೆಮ್’ ಎಂಬ ಸರ್ವನಾಮ ಇಟ್ಟು ನೋಡುವುದು. ‘ಹೀ ಕೌಂಟೆಡ್ ದೆಮ್ ಇನ್ ದ ಗೋಡೌನ್’ ಎಂದರೆ ಗೋದಾಮು ಹೊರಗುಳಿಯಿತು, ಅದು ಎಣಿಕೆಯ ಜಾಗ. ಬರೀ ‘ಹೀ ಕೌಂಟೆಡ್ ದೆಮ್’ ಎಂದರೂ ರೈಟರ ಮಾತು ಪೂರ್ತಿ ಬಂತೆಂದರೆ, ‘ದೆಮ್’ ಚೀಲಗಳ ಜೊತೆಗೆ ಗೋದಾಮನ್ನೂ ನುಂಗಿದೆ. ಐದು ಪದಗಳು ಸೇರಿ ಒಂದೇ ನಾಮಪದದಂತೆ ನಿಂತಿವೆ.

ಇದನ್ನೇ ತರಗತಿಯಲ್ಲಿ ಹಲಗೆಯ ಮೇಲೆ ಬರೆದೆ. ಕನ್ನಡದಲ್ಲಿ ‘ಗೋದಾಮಿನಲ್ಲಿ’, ‘ಗೋದಾಮಿನಲ್ಲಿದ್ದ’ ಎಂದು ವ್ಯಾಕರಣವೇ ಎರಡು ದಾರಿ ಮಾಡಿಕೊಡುತ್ತದೆ. ಸಪ್ತಮಿಯ ‘ಅಲ್ಲಿ’ ಹತ್ತಿದ ಪದ ತಾನಾಗಿಯೇ ಮುಂದಿನ ನಾಮಪದಕ್ಕೆ ವಿಶೇಷಣವಾಗುವುದಿಲ್ಲ, ನಡುವೆ ‘ಇದ್ದ’ ಅಥವಾ ‘ಇರುವ’ ಬೇಕು. ಹಿಂದಿನ ಬೆಂಚಿನಲ್ಲಿದ್ದ, ಮನೆಯಲ್ಲಿ ಮಲಯಾಳ ಮಾತನಾಡುವ ಹುಡುಗಿ, “ನಾವು ‘ಉಳ್ಳ’ ಅನ್ನುತ್ತೇವೆ ಸರ್” ಎಂದಳು. ಹಣವುಳ್ಳ, ಗುಣವುಳ್ಳ ಎನ್ನುವಾಗ ನಮ್ಮಲ್ಲೂ ಬದುಕಿರುವ ‘ಉಳ್ಳ’ವೇ ಅದು. ಅಂದಿನಿಂದ ನಮ್ಮ ತರಗತಿಯ ಪರೀಕ್ಷೆ ಇದು: ಅನುವಾದದಲ್ಲಿ ‘ಇರುವ’ ಬೇಕಾದರೆ ವಿಶೇಷಣ, ಬೇಡವಾದರೆ ಕ್ರಿಯಾವಿಶೇಷಣ. ಎಲ್ಲ ಕಡೆ ನಡೆಯುವ ಸೂತ್ರವೆಂದು ಹೇಳುತ್ತಿಲ್ಲ, ಇಂಥ ವಾಕ್ಯಗಳಿಗೆ ಸಾಕು.

ಹಾಗೆಂದು ಕನ್ನಡಕ್ಕೆ ಗೊಂದಲವೇ ಇಲ್ಲವೆಂದು ಬೀಗುವಂತಿಲ್ಲ. ‘ಹಳೆಯ ಕಾಫಿ ತೋಟದ ಮನೆ’ ಎಂದು ಹೋಂಸ್ಟೇಯ ಫಲಕವೊಂದರಲ್ಲಿ ಓದಿದೆ. ಹಳೆಯದು ತೋಟವೋ ಮನೆಯೋ? ಮಾಲೀಕರಿಗೆ ಎರಡೂ ಇಷ್ಟವೇ ಇರಬೇಕು.

ಈಗ ಗುಚ್ಛದ ಮೇಲಿನ ದೂರು. ಗುಚ್ಛವೆಂದರೆ ಗೊಂಚಲು. ರೋಬಸ್ಟಾ ಗಿಡದ ಗೆಣ್ಣಿನಲ್ಲಿ ಕಿಕ್ಕಿರಿದ ಹಣ್ಣುಗಳಲ್ಲಿ ದೊಡ್ಡದು ಚಿಕ್ಕದೆಂಬುದಿಲ್ಲ, ಯಾವುದನ್ನು ಕಿತ್ತರೂ ಉಳಿದವು ಅಲ್ಲೇ ಇರುತ್ತವೆ. ಫ್ರೇಸ್ ಹಾಗಲ್ಲ, ಅದಕ್ಕೊಬ್ಬ ಯಜಮಾನನಿದ್ದಾನೆ. ‘ದ ಬ್ಯಾಗ್ಸ್ ಇನ್ ದ ಗೋಡೌನ್’ ಎಂಬಲ್ಲಿ ‘ಇನ್ ದ ಗೋಡೌನ್’ ತೆಗೆಯಬಹುದು, ‘ಬ್ಯಾಗ್ಸ್’ ತೆಗೆದರೆ ಉಳಿದದ್ದು ನೆಲಕ್ಕೆ ಬೀಳುತ್ತದೆ. ಕನ್ನಡದಲ್ಲಿ ಈ ಯಜಮಾನ ಕೊನೆಯಲ್ಲಿ ಕೂರುತ್ತಾನೆ: ‘ಗೋದಾಮಿನಲ್ಲಿದ್ದ ಹಳೆಯ ಚೀಲಗಳು’. ಇಂಗ್ಲಿಷಿನಲ್ಲಿ ನಡುವೆ ಕೂತು ಹಿಂದೆಯೂ ಮುಂದೆಯೂ ಪರಿವಾರ ಇಟ್ಟುಕೊಳ್ಳುತ್ತಾನೆ. ಬಾಲದಲ್ಲಿ ಉಳಿದ ಕಟ್ಟು ಯಾರ ಕಡೆಯದು ಎಂಬ ಜಗಳ ಹುಟ್ಟುವುದೇ ಅದರಿಂದ.

ಇನ್ನೊಂದು ತೊಡಕು ಸಂಖ್ಯೆಯದು. 1933ರಲ್ಲಿ ಅಮೆರಿಕದ ಭಾಷಾವಿಜ್ಞಾನಿ ಲಿಯನಾರ್ಡ್ ಬ್ಲೂಮ್‌ಫೀಲ್ಡ್ ಕೊಟ್ಟ ವ್ಯಾಖ್ಯೆಯಂತೆ ಫ್ರೇಸ್ ಎನ್ನಿಸಿಕೊಳ್ಳಲು ಸ್ವತಂತ್ರವಾಗಿ ನಿಲ್ಲಬಲ್ಲ ಎರಡು ರೂಪಗಳಾದರೂ ಬೇಕು. 1957ರ ಬಳಿಕ ಇನ್ನೊಬ್ಬ ಭಾಷಾವಿಜ್ಞಾನಿ ನೋಮ್ ಚಾಮ್‌ಸ್ಕಿಯ ದಾರಿ ಹಿಡಿದವರು ಒಂಟಿ ಪದವನ್ನೂ ಫ್ರೇಸ್ ಎನ್ನುತ್ತಾರೆ, ಅವರಿಗೆ ಮುಖ್ಯವಾದದ್ದು ಅದು ವಾಕ್ಯದಲ್ಲಿ ನಿಂತ ಜಾಗ. ಒಂಟಿ ಹಣ್ಣನ್ನು ಗೊಂಚಲು ಎನ್ನುವುದು ಹೇಗೆ? ಶಾಲೆಯ ಮಟ್ಟಿಗೆ ಹಳೆಯ ವ್ಯಾಖ್ಯೆಯೇ ಸಾಕೆಂದು ಸುಮ್ಮನಿದ್ದೇನೆ.

ಬೇರೆ ಒಳ್ಳೆಯ ಪದ ಸಿಗುವವರೆಗೆ ಪದಗುಚ್ಛವನ್ನೇ ಇಟ್ಟುಕೊಳ್ಳುತ್ತೇನೆ. ಆದರೆ ‘ಇನ್’, ‘ಆನ್’, ‘ವಿತ್’ಗಳಿಂದ ಶುರುವಾಗುವ ಗುಚ್ಛಕ್ಕೆ ಏನನ್ನೋಣ? ‘ಉಪಸರ್ಗ ಪದಗುಚ್ಛ’ ಎಂದು ಬರೆಯುವವರಿದ್ದಾರೆ. ಕನ್ನಡದ ಪಾಠದಲ್ಲಿ ಇದೇ ಮಕ್ಕಳು ಪ್ರ, ಪರಾ, ಅಪ, ಸಮ್ ಎಂದು ಉಪಸರ್ಗ ಕಲಿತು ಬಂದಿರುತ್ತಾರೆ. ಅವು ಪದದ ತಲೆಗೆ ಅಂಟಿ ಹೊಸ ಪದ ಮಾಡುವಂಥವು, ‘ಇನ್’ ಮಾಡುವುದು ನಮ್ಮ ವಿಭಕ್ತಿಯ ಕೆಲಸ. ‘ಮುನ್ವಿಭಕ್ತಿ’ ಎಂದು ನಾನೇ ಒಂದು ಪದ ಕಟ್ಟಿ ಹಲಗೆಯ ಮೇಲೆ ಬರೆದೆ, ಮಕ್ಕಳು ನಕ್ಕರು. ನಿಮ್ಮಲ್ಲಿ ಯಾರಾದರೂ ಇದಕ್ಕೆ ಪದವೊಂದನ್ನು ಪಾಠದಲ್ಲಿ ಬಳಸಿ ನೋಡಿದ್ದರೆ, ಮಕ್ಕಳು ನಗಲಿಲ್ಲವೆಂದಾದರೆ, ದಯವಿಟ್ಟು ತಿಳಿಸಿ.